ಮೇಣದಬತ್ತಿಯ ನೆತ್ತಿಯ ಮೇಲೊಂದು ಕೆರೆ

ಮಕ್ಕಳೇ, ಮನೆಯಲ್ಲೇ ಅಚ್ಚಿಗೆ ಹೊಯ್ದು ಮಾಡಿದ ಮೂರು ದಪ್ಪ ಮೇಣದಬತ್ತಿಗಳನ್ನು ಸಾಲಾಗಿ ಹಚ್ಚಿಟ್ಟಿದ್ದೇವೆ ಅಂದುಕೊಳ್ಳಿ. ಮೂರಕ್ಕೂ ಒಂದೇ ಮೇಣ, ಒಂದೇ ಎತ್ತರ. ಮೂರು ಗಂಟೆ ಕಳೆದ ಮೇಲೆ ನೋಡಿದರೆ ಮೂರೂ ಮೂರು ದಾರಿ ಹಿಡಿದಿವೆ. ಒಂದು ತನ್ನ ನಡುವಿನಲ್ಲೇ ಗುಂಡಿ ತೋಡಿಕೊಂಡು ಒಳಗಿಳಿದಿದೆ. ಸುತ್ತಲಿನ ಮೇಣ ಕರಗದೆ ಹಾಗೇ ನಿಂತಿದೆ. ಇನ್ನೊಂದರ ಒಂದು ಪಕ್ಕ ಕುಸಿದು, ಕರಗಿದ ಮೇಣವೆಲ್ಲ ತಟ್ಟೆಗೆ ಸುರಿದಿದೆ. ಮತ್ತೊಂದು ಮಾತ್ರ ಯಾವ ರಗಳೆಯೂ ಇಲ್ಲದೆ ಸಮನಾಗಿ ಸವೆಯುತ್ತಿದೆ.

ಮೇಣ ಸರಿ ಇಲ್ಲ ಎಂದು ದೂರುವಂತಿಲ್ಲ, ಮೂರಕ್ಕೂ ಅದೇ ಮೇಣ ತಾನೇ? ಹಾಗಾದರೆ ವ್ಯತ್ಯಾಸ ಬಂದದ್ದು ಎಲ್ಲಿಂದ? ಇದಕ್ಕೆ ಉತ್ತರ ಹುಡುಕಲು ಮೊದಲು ಒಂದು ಸುಲಭದ ಪ್ರಶ್ನೆ ಕೇಳಿಕೊಳ್ಳೋಣ.

ಉರಿಯುವುದು ಯಾವುದು?

ಬತ್ತಿ ಎನ್ನುತ್ತೀರಾ? ಬತ್ತಿ ಬರೀ ಹತ್ತಿಯ ನೂಲು. ಮೇಣವಿಲ್ಲದ ನೂಲಿಗೆ ಕಡ್ಡಿ ಗೀರಿ ಹಿಡಿದರೆ ಅದು ಕ್ಷಣದಲ್ಲಿ ಸುಟ್ಟು ಬೂದಿಯಾಗುತ್ತದೆ. ಹಾಗಾದರೆ ಮೇಣ ಎನ್ನುತ್ತೀರಾ? ಮೇಣದ ತುಂಡಿಗೆ ಬೆಂಕಿಕಡ್ಡಿ ತಾಗಿಸಿದರೆ ಅದು ಕರಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ.

ಉರಿಯುವುದು ಮೇಣದ ಆವಿ. ಬತ್ತಿಯ ಬಿಸಿಗೆ ಬುಡದ ಮೇಣ ಕರಗುತ್ತದೆ. ಕರಗಿದ ಮೇಣ ನೂಲಿನ ಎಳೆಗಳ ನಡುವಿನ ಸಣ್ಣ ಸಣ್ಣ ಸಂದುಗಳಲ್ಲಿ ತಾನಾಗಿ ಮೇಲೇರುತ್ತದೆ. ಬಟ್ಟೆಯ ಅಂಚು ನೀರಿಗೆ ತಾಗಿದರೆ ನೀರು ಮೇಲೇರುವುದೂ ಇದೇ ಕಾರಣದಿಂದ. ವಿಜ್ಞಾನದಲ್ಲಿ ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಬತ್ತಿಯ ತುದಿ ತಲುಪಿದ ಮೇಣ ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ಆ ಆವಿ ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಉರಿದಾಗ ಹುಟ್ಟುವ ಬಿಸಿ ಮತ್ತಷ್ಟು ಮೇಣವನ್ನು ಕರಗಿಸುತ್ತದೆ. ಹೀಗೆ ಒಮ್ಮೆ ಹಚ್ಚಿದರೆ ಸಾಕು, ಮೇಣದಬತ್ತಿ ತನ್ನ ಊಟವನ್ನು ತಾನೇ ಬೇಯಿಸಿಕೊಳ್ಳುತ್ತ ಹೋಗುತ್ತದೆ.

ಇದನ್ನು ಕಣ್ಣಾರೆ ಕಾಣಬಹುದು. ಗಾಳಿ ಬೀಸದ ಕೋಣೆಯಲ್ಲಿ, ದೊಡ್ಡವರ ಎದುರಿನಲ್ಲೇ ಇದನ್ನು ಮಾಡಿ. ಸ್ವಲ್ಪ ಹೊತ್ತು ಉರಿದ ಮೇಣದಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬತ್ತಿಯಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಆ ಹೊಗೆ ಬೇರೇನಲ್ಲ, ಉರಿಯಲು ಅವಕಾಶ ಸಿಗದೆ ತಣಿದು ಕಣಕಣವಾದ ಮೇಣದ ಆವಿಯೇ. ಹೊತ್ತಿದ ಕಡ್ಡಿಯನ್ನು ದೊಡ್ಡವರು ಬತ್ತಿಗೆ ತಾಗಿಸದೆ, ಒಂದೆರಡು ಅಂಗುಲ ಮೇಲೆ ಆ ಹೊಗೆಗೆ ಹಿಡಿಯಲಿ. ಬೆಂಕಿ ಹೊಗೆಯ ಎಳೆಯನ್ನೇ ಹಿಡಿದು ಕೆಳಗಿಳಿದು ಬತ್ತಿಯನ್ನು ಹೊತ್ತಿಸಿಬಿಡುತ್ತದೆ!

ಈ ಪ್ರಯೋಗವನ್ನು ಮಕ್ಕಳ ಮುಂದೆ ಮಾಡಿ ತೋರಿಸಿದವರಲ್ಲಿ ಬಹಳ ದೊಡ್ಡ ಹೆಸರು ಮೈಕೆಲ್ ಫ್ಯಾರಡೆಯದು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಮುಂದೆ ವಿದ್ಯುತ್ ವಿಜ್ಞಾನದ ಮಹಾನ್ ಸಂಶೋಧಕನಾದವನು ಈತ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಮಕ್ಕಳಿಗಾಗಿ ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. 1860ರ ಕೊನೆಗೆ ಶುರುವಾದ ಆರು ಉಪನ್ಯಾಸಗಳಲ್ಲಿ ಫ್ಯಾರಡೆ ಮಾತಾಡಿದ್ದು ಒಂದೇ ವಸ್ತುವಿನ ಬಗ್ಗೆ, ಮೇಣದಬತ್ತಿಯ ಬಗ್ಗೆ. ಮರುವರ್ಷವೇ ಅವು ಪುಸ್ತಕವಾಗಿ ಬಂದವು.

ಆ ಉಪನ್ಯಾಸಗಳಲ್ಲಿ ಆತ ಮಕ್ಕಳ ಗಮನವನ್ನು ಮೊದಲೇ ಸೆಳೆದ ಒಂದು ಸಂಗತಿ ನಮಗೆ ಇಲ್ಲಿ ಬಹಳ ಬೇಕಾದದ್ದು: ಉರಿಯುವ ಮೇಣದಬತ್ತಿಯ ತಲೆಯ ಮೇಲೆ ತಾನಾಗಿ ಮೂಡುವ ಬಟ್ಟಲು.

ಕೆರೆ, ಏರಿ, ತೂಬು

ಮಣ್ಣಿನ ಹಣತೆಯಲ್ಲಿ ಎಣ್ಣೆ ನಿಲ್ಲುತ್ತದೆ. ಹಣತೆಯ ಅಂಚು ಬೆಂಕಿಗೆ ಕರಗುವುದಿಲ್ಲವಲ್ಲ! ಗಾಜಿನ ಲೋಟದಲ್ಲಿ ಹೊಯ್ದ ಮೇಣಕ್ಕೂ ಲೋಟದ ಆಸರೆ ಇದೆ. ಆದರೆ ಕಂಬದ ಹಾಗೆ ಬರಿಮೈಯಲ್ಲಿ ನಿಂತ ದಪ್ಪ ಮೇಣದಬತ್ತಿಗೆ ಯಾವ ಪಾತ್ರೆಯೂ ಇಲ್ಲ. ಅದು ತನ್ನ ಮೇಣದಲ್ಲೇ ಅಂಚು ಕಟ್ಟಿಕೊಂಡು, ಕರಗಿದ ಮೇಣವನ್ನು ಅದರೊಳಗೆ ಹಿಡಿದಿಟ್ಟುಕೊಳ್ಳಬೇಕು.

ನಮ್ಮೂರ ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆಗೆ ನೀರು ಬಂದು ಸೇರುತ್ತದೆ, ತೂಬಿನಿಂದ ನೀರು ಹೊರಗೆ ಹೋಗುತ್ತದೆ, ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ಮೇಣದಬತ್ತಿಯ ನೆತ್ತಿಯ ಮೇಲಿರುವುದೂ ಇಂಥದೇ ಒಂದು ಪುಟ್ಟ ಕೆರೆ. ಕರಗಿದ ಮೇಣವೇ ನೀರು. ಅದನ್ನು ಹೀರಿಕೊಂಡು ಹೋಗುವ ಬತ್ತಿಯೇ ತೂಬು. ಕರಗದೆ ನಿಂತ ಸುತ್ತಲಿನ ಅಂಚೇ ಏರಿ.

ಈಗ ಆ ಮೂರು ಮೇಣದಬತ್ತಿಗಳ ಗುಟ್ಟು ಬಿಡಿಸತೊಡಗೋಣ. ಎಷ್ಟು ಮೇಣ ಕರಗುತ್ತದೋ ಅಷ್ಟನ್ನು ಬತ್ತಿ ಹೀರಿದರೆ, ಅಂಚು ಗಟ್ಟಿಯಾಗಿ ಸುತ್ತಲೂ ಒಂದೇ ದಪ್ಪಕ್ಕೆ ನಿಂತರೆ, ಮೇಣದಬತ್ತಿ ಸಮನಾಗಿ ಉರಿಯುತ್ತದೆ. ಕರಗಿದ್ದು ಹೆಚ್ಚಾಗಿ ಬತ್ತಿ ಹೀರಲಾರದೆ ಹೋದರೆ ತೂಬೇ ಮುಳುಗುತ್ತದೆ. ಉರಿಯ ಕುಡಿ ಸಣ್ಣದಾಗಿ ಕೊನೆಗೆ ಆರಿಹೋಗುತ್ತದೆ. ಅಂಚು ಒಂದು ಕಡೆ ತೆಳುವಾದರೆ ಏರಿ ಒಡೆದು ಕೆರೆ ಬರಿದಾಗುತ್ತದೆ.

ಅಂಚು ಕರಗದೆ ಉಳಿಯುವುದು ಹೇಗೆ? ಫ್ಯಾರಡೆ ವಿವರಿಸಿದ್ದು ಇದನ್ನೇ. ಕುಡಿಯ ಸುತ್ತ ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಸುತ್ತಲಿನ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ ಬರುತ್ತದೆ. ಮೇಣದಬತ್ತಿಯ ಮೈಯನ್ನು ಸವರಿಕೊಂಡು ಏರುವ ಈ ಗಾಳಿ ಅಂಚನ್ನು ತಂಪಾಗಿಡುತ್ತದೆ. ನಡುವೆ ಕರಗು, ಅಂಚಿನಲ್ಲಿ ಗಟ್ಟಿ. ಬಟ್ಟಲು ತಾನಾಗಿ ಸಿದ್ಧ! ಗಾಳಿ ಸುತ್ತಲಿಂದಲೂ ಒಂದೇ ಸಮನೆ ಏರಿದರೆ ಮಾತ್ರ ಬಟ್ಟಲು ಸರಿಯಾಗಿ ಮೂಡುತ್ತದೆ. ಮೈಮೇಲೆ ಏಣುಗಳು, ಕೆತ್ತನೆಗಳು ಇರುವ ಅಲಂಕಾರದ ಮೇಣದಬತ್ತಿಗಳು ಚಂದ ಕಂಡರೂ ಹೆಚ್ಚು ಸೋರುತ್ತವೆ ಎಂದು ಫ್ಯಾರಡೆ ಅಂದೇ ತೋರಿಸಿದ್ದ.

ಗಾಳಿ ಮೇಲೇರಲು ಭೂಮಿಯ ಗುರುತ್ವ ಬೇಕು. 1990ರ ದಶಕದಲ್ಲಿ ವಿಜ್ಞಾನಿಗಳು ಬಾಹ್ಯಾಕಾಶ ನೌಕೆಯಲ್ಲೂ ಮಿರ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲೂ ಮೇಣದಬತ್ತಿ ಹಚ್ಚಿ ನೋಡಿದರು. ಅಲ್ಲಿ ಬಿಸಿ ಗಾಳಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ಇಲ್ಲ. ಹಾಗಾಗಿ ಅಲ್ಲಿನ ಕುಡಿ ಚೂಪಾಗದೆ, ಮಂಕು ನೀಲಿಯ ಗುಂಡಗಿನ ಜ್ವಾಲೆಯಾಗಿತ್ತು.

ಬತ್ತಿಯ ಲೆಕ್ಕ

ಮನೆಯಲ್ಲಿ ಮಾಡುವಾಗ ಹೆಚ್ಚಾಗಿ ತಪ್ಪುವುದು ಬತ್ತಿಯ ದಪ್ಪದಲ್ಲಿ. ಒಂದು ಅಂಗುಲ ಅಡ್ಡಳತೆಯ ಮೇಣದಬತ್ತಿಗೆ ಹೊಂದಿದ ಬತ್ತಿಯನ್ನೇ ಮೂರು ಅಂಗುಲದ್ದಕ್ಕೂ ಹಾಕುತ್ತೇವೆ. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ವೃತ್ತದ ವ್ಯಾಸ ಎರಡರಷ್ಟಾದರೆ ಅದರ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ವಿಸ್ತೀರ್ಣ ಒಂಬತ್ತರಷ್ಟು! ಅಂದರೆ ಮೂರು ಅಂಗುಲದ ಮೇಣದಬತ್ತಿಯ ತಲೆಯ ಮೇಲೆ, ಒಂದು ಅಂಗುಲದ್ದರ ಒಂಬತ್ತರಷ್ಟು ಜಾಗ ಕರಗಬೇಕು. ಸಣ್ಣ ಬತ್ತಿಯ ಸಣ್ಣ ಕುಡಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಅದು ತನ್ನ ಸುತ್ತ ಕೈಗೆಟುಕಿದಷ್ಟನ್ನೇ ಕರಗಿಸಿಕೊಂಡು ಕೆಳಗಿಳಿಯುತ್ತದೆ. ನಮ್ಮ ಮೊದಲನೆಯ ಮೇಣದಬತ್ತಿಯಲ್ಲಿ ಗುಂಡಿ ಬಿದ್ದದ್ದು ಹೀಗೆ.

ಹಾಗೆಂದು ಹಗ್ಗದಷ್ಟು ದಪ್ಪ ಬತ್ತಿ ಹಾಕಿದರೆ? ಕುಡಿ ಎತ್ತರವಾಗಿ, ಅಂಚಿನವರೆಗೂ ಮೇಣ ಕರಗಿ ಸೋರುತ್ತದೆ. ಜೊತೆಗೆ ಹೊಗೆ. ಕುಡಿಯ ಹಳದಿ ಬೆಳಕು ಯಾವುದರದು ಗೊತ್ತೇ? ಮೇಣದ ಆವಿ ಒಡೆದು ಹುಟ್ಟಿದ ಮಸಿಯ ಕಣಗಳು ಕಾದು ಹೊಳೆಯುವ ಬೆಳಕು ಅದು. ಹೊಳೆದ ಕಣಗಳು ಕುಡಿಯ ಹೊರ ಅಂಚಿನಲ್ಲಿ ಆಮ್ಲಜನಕ ಸಿಕ್ಕಿ ಉರಿದು ಮುಗಿದರೆ ಹೊಗೆಯಿಲ್ಲ. ಆವಿ ವಿಪರೀತ ಬಂದರೆ ಅಷ್ಟಕ್ಕೂ ಗಾಳಿ ಸಾಲದೆ ಮಸಿ ಹಾಗೇ ಹೊರಬೀಳುತ್ತದೆ. ಹಿಂದೆ ಮನೆಗಳಲ್ಲಿ ದೀಪದ ಕುಡಿಯ ಮೇಲೆ ತಟ್ಟೆ ಕವುಚಿ ಕಾಡಿಗೆ ಮಾಡುತ್ತಿದ್ದರು; ಅವರು ಕೂಡಿಸುತ್ತಿದ್ದದ್ದು ಈ ಮಸಿಯನ್ನೇ.

ಆದ್ದರಿಂದ ಮೇಣದಬತ್ತಿಯ ಸಾಮಾನು ಮಾರುವ ಅಂಗಡಿಯಲ್ಲಿ ಅಡ್ಡಳತೆ ಹೇಳಿ ಅದಕ್ಕೆ ಹೊಂದುವ ಬತ್ತಿಯನ್ನೇ ಕೊಳ್ಳಬೇಕು. ಹೊಲಿಗೆಯ ದಾರ ನಡೆಯುವುದಿಲ್ಲ. ಮೇಣದಬತ್ತಿಯ ನೂಲನ್ನು ಜಡೆಯಂತೆ ಹೆಣೆದಿರುತ್ತಾರೆ, ಅದಕ್ಕೊಂದು ಕಾರಣವಿದೆ. ಹೆಣೆದ ಬತ್ತಿ ಉರಿಯುತ್ತ ತುದಿಯಲ್ಲಿ ಬಾಗುತ್ತದೆ. ಬಾಗಿದ ತುದಿ ಕುಡಿಯ ಹೊರ ಅಂಚಿಗೆ, ಅಂದರೆ ಆಮ್ಲಜನಕ ಧಾರಾಳವಾಗಿ ಸಿಗುವ ಜಾಗಕ್ಕೆ ಬಂದು ಸುಟ್ಟು ಬೂದಿಯಾಗುತ್ತದೆ. ಬತ್ತಿ ತನ್ನನ್ನು ತಾನೇ ಕತ್ತರಿಸಿಕೊಂಡಂತಾಯಿತು! 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೆಣೆದ ಬತ್ತಿ ಬರುವ ಮುಂಚೆ, ಯುರೋಪಿನ ಮನೆಗಳಲ್ಲಿ ಕರಕಾದ ಬತ್ತಿಯ ತುದಿಯನ್ನು ಆಗಾಗ ಕತ್ತರಿಸಲೆಂದೇ ವಿಶೇಷ ಕತ್ತರಿ ಇಟ್ಟುಕೊಳ್ಳಬೇಕಿತ್ತು.

ಹೊಯ್ಯುವಾಗಿನ ಎಚ್ಚರ

ಈಗ ಎರಡನೆಯ ಮೇಣದಬತ್ತಿಗೆ ಬರೋಣ. ಅದರ ಬತ್ತಿ ನಡುವೆ ಇರಲಿಲ್ಲ. ಬತ್ತಿ ಒಂದು ಪಕ್ಕಕ್ಕೆ ಸರಿದರೆ ಆ ಪಕ್ಕದ ಅಂಚಿಗೆ ಬಿಸಿ ಹೆಚ್ಚು. ಏರಿ ಅಲ್ಲೇ ಒಡೆಯುತ್ತದೆ. ಅಚ್ಚಿನ ಬಾಯಿಗೆ ಅಡ್ಡಲಾಗಿ ಐಸ್‌ಕ್ರೀಮ್ ಕಡ್ಡಿ ಇಟ್ಟು, ಅದಕ್ಕೆ ಬತ್ತಿಯನ್ನು ಬಿಗಿಯಾಗಿ ಕಟ್ಟಬೇಕು. ಕೆಳಗೂ ಮೇಲೂ ನಟ್ಟನಡುವೆ ಇದೆಯೇ ಎಂದು ಸ್ಕೇಲಿನಿಂದ ಅಳೆದು ನೋಡಬೇಕು. ಕಟ್ಟುವ ಮೊದಲು ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದರೆ ಎಳೆಗಳ ನಡುವಿನ ಗಾಳಿ ಹೊರಟುಹೋಗುತ್ತದೆ, ಬತ್ತಿಯೂ ನೆಟ್ಟಗೆ ನಿಲ್ಲುತ್ತದೆ.

ನಾವು ಸಾಮಾನ್ಯವಾಗಿ ಬಳಸುವುದು ಪ್ಯಾರಫಿನ್ ಮೇಣ. ಇದು ಕಚ್ಚಾತೈಲದಿಂದ ಸಿಗುತ್ತದೆ. 1901ರಲ್ಲಿ ಶುರುವಾದ ಅಸ್ಸಾಮಿನ ದಿಗ್ಬೋಯಿ ತೈಲ ಸಂಸ್ಕರಣಾಗಾರ ಮೇಣವನ್ನೂ ತಯಾರಿಸುತ್ತದೆ. ದಪ್ಪ ಮೇಣದಬತ್ತಿಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಗಟ್ಟಿ ಮೇಣ ಬೇಕು. ಬೇಗ ಕರಗುವ ಮೆತ್ತನೆಯ ಮೇಣದಲ್ಲಿ ಏರಿ ನಿಲ್ಲುವುದಿಲ್ಲ. ಗಟ್ಟಿತನಕ್ಕಾಗಿ ಸ್ವಲ್ಪ ಸ್ಟಿಯರಿಕ್ ಆಮ್ಲ ಸೇರಿಸುವುದುಂಟು. ಕೊಬ್ಬಿನಿಂದ ಇದನ್ನು ಬೇರ್ಪಡಿಸುವ ಬಗೆಯನ್ನು ತೋರಿಸಿಕೊಟ್ಟವನು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್. ವಾಸನೆ ಬೀರುವ ಕೊಬ್ಬಿನ ದೀಪಗಳ ಜಾಗಕ್ಕೆ ಗಟ್ಟಿಯಾದ, ಶುಭ್ರವಾದ ಮೇಣದಬತ್ತಿಗಳು ಬಂದದ್ದು ಆತನ ಕೆಲಸದಿಂದ.

ಮೇಣವನ್ನು ನೇರವಾಗಿ ಒಲೆಯ ಮೇಲಿಟ್ಟು ಕರಗಿಸಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಮೇಣದ ಪಾತ್ರೆ ಇಡಬೇಕು. ನೀರು 100 ಡಿಗ್ರಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಎತ್ತರದ ಊರಾದ ಬೆಂಗಳೂರಿನಲ್ಲಂತೂ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮೇಣ ಹೊತ್ತಿಕೊಳ್ಳುವಷ್ಟು ಆವಿಯಾಗಲು ಇದರ ಎರಡರಷ್ಟು ಬಿಸಿ ಬೇಕು. ಹಾಗಾಗಿ ನೀರೇ ನಮಗೆ ಕಾವಲು. ಈ ಕೆಲಸ ದೊಡ್ಡವರದು. ನೀವು ದೂರ ನಿಂತು ನೋಡಿ.

ಹೊಯ್ದ ಮೇಲೆ ಇನ್ನೊಂದು ವಿಚಿತ್ರ. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾದಾಗ ಹಿಗ್ಗುತ್ತದೆ; ಅದಕ್ಕೇ ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ. ಮೇಣದ ಸ್ವಭಾವ ಇದಕ್ಕೆ ಉಲ್ಟಾ. ಗಟ್ಟಿಯಾಗುತ್ತ ಅದು ಕುಗ್ಗುತ್ತದೆ. ಕರಗಿದ ಮೇಣಕ್ಕೆ ಗಟ್ಟಿ ಮೇಣದ ಚೂರು ಹಾಕಿದರೆ ಅದು ತಳಕ್ಕೆ ಮುಳುಗುವುದನ್ನು ನೀವೇ ನೋಡಬಹುದು. ಅಚ್ಚಿನಲ್ಲಿ ಮೊದಲು ತಣಿಯುವುದು ಹೊರಭಾಗ, ಕೊನೆಗೆ ತಣಿಯುವುದು ಬತ್ತಿಯ ಸುತ್ತಲಿನ ನಡುಭಾಗ. ನಡುವಿನ ಮೇಣ ಕುಗ್ಗುವ ಹೊತ್ತಿಗೆ ಸುತ್ತಲೂ ಗಟ್ಟಿಯಾಗಿರುತ್ತದೆ. ಆಗ ಬತ್ತಿಯ ಪಕ್ಕದಲ್ಲೇ ಗುಳಿ ಬೀಳುತ್ತದೆ. ಕೆಲವೊಮ್ಮೆ ಮೇಲೆ ಕಾಣದ ಟೊಳ್ಳು ಒಳಗೇ ಉಳಿಯುತ್ತದೆ. ಉರಿಯುತ್ತ ಆ ಟೊಳ್ಳಿಗೆ ಬಂದಾಗ ಕೆರೆಯ ಮೇಣವೆಲ್ಲ ಒಮ್ಮೆಗೇ ಒಳಗೆ ಇಳಿದುಹೋಗಿ ಕುಡಿ ಅಂಕೆ ತಪ್ಪುತ್ತದೆ.

ಇದಕ್ಕೆ ಮದ್ದು ಸರಳ. ಮೇಲೆ ಕೆನೆ ಕಟ್ಟಿದ ಮೇಲೆ ಬತ್ತಿಯ ಸುತ್ತ ತೆಳು ಕಡ್ಡಿಯಿಂದ ಮೂರು ನಾಲ್ಕು ತೂತು ಚುಚ್ಚಬೇಕು. ನಡುಭಾಗ ಕುಗ್ಗಿದ ಮೇಲೆ, ಎತ್ತಿಟ್ಟುಕೊಂಡ ಮೇಣವನ್ನು ಮತ್ತೆ ಕರಗಿಸಿ ಗುಳಿಗೆ ಹೊಯ್ಯಬೇಕು. ಎರಡನೆಯ ಸಲ ಹೊಯ್ದದ್ದು ಮೊದಲಿನ ಮಟ್ಟ ದಾಟಬಾರದು; ದಾಟಿದರೆ ಅಚ್ಚಿನ ಸಂದಿಗೆ ಇಳಿದು ಮೇಣದಬತ್ತಿ ಹೊರಬರಲು ಹಟ ಹಿಡಿಯುತ್ತದೆ.

ಬಣ್ಣಕ್ಕೆಂದು ಕ್ರೇಯಾನ್ ಕರಗಿಸಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕ್ರೇಯಾನಿನ ಬಣ್ಣದ ಪುಡಿ ಮೇಣದಲ್ಲಿ ಕರಗುವುದಿಲ್ಲ. ಅದರ ಕಣಗಳು ಬತ್ತಿಯ ಸಂದುಗಳಲ್ಲಿ ಸಿಕ್ಕಿಕೊಂಡು ತೂಬನ್ನು ಮುಚ್ಚುತ್ತವೆ. ಮೇಣದಲ್ಲಿ ಕರಗುವ ಬಣ್ಣವೇ ಬೇರೆ ಸಿಗುತ್ತದೆ.

ಹಚ್ಚುವಾಗಿನ ಎಚ್ಚರ

ಎಷ್ಟೇ ಚೆನ್ನಾಗಿ ಮಾಡಿದ ಮೇಣದಬತ್ತಿಯನ್ನೂ ಹಚ್ಚುವ ಕ್ರಮ ಕೆಡಿಸಬಲ್ಲದು. ಮೊದಲ ಸಲ ಹಚ್ಚಿದಾಗ ಹತ್ತೇ ನಿಮಿಷಕ್ಕೆ ಆರಿಸಿಬಿಟ್ಟರೆ ಬತ್ತಿಯ ಸುತ್ತ ಸಣ್ಣ ಗುಳಿ ಮಾತ್ರ ಬೀಳುತ್ತದೆ. ಮುಂದಿನ ಸಲ ಕುಡಿ ಆ ಗುಳಿಯ ತಳದಲ್ಲೇ ಉರಿಯುತ್ತದೆ. ಅಂಚಿನ ಮೇಣಕ್ಕೆ ಸೇರಬೇಕಾದ ಬಿಸಿ ನೇರ ಮೇಲಕ್ಕೆ ಹೋಗಿಬಿಡುತ್ತದೆ. ಹಾಗೆ ಮಾಡಿದಷ್ಟೂ ಗುಳಿ ಆಳವಾಗುತ್ತದೆ. ಆದ್ದರಿಂದ ಮೊದಲ ಸಲ, ಕರಗಿದ ಮೇಣ ಅಂಚಿನ ಸಮೀಪ ಬರುವವರೆಗೆ ಉರಿಯಲು ಬಿಡಬೇಕು. ಮೇಣದಬತ್ತಿ ಮಾಡುವವರ ರೂಢಿಯ ಲೆಕ್ಕ ಹೀಗಿದೆ: ಅಡ್ಡಳತೆಯ ಒಂದು ಅಂಗುಲಕ್ಕೆ ಒಂದು ಗಂಟೆ. ಮೂರು ಅಂಗುಲದ್ದಾದರೆ ಸುಮಾರು ಮೂರು ಗಂಟೆ.

ಫ್ಯಾನಿನ ಕೆಳಗೆ, ಕಿಟಕಿಯ ಪಕ್ಕ ಇಡಬೇಡಿ. ಗಾಳಿಗೆ ಕುಡಿ ವಾಲಿದ ಕಡೆ ಅಂಚು ಕರಗುತ್ತದೆ. ಇಡುವ ಜಾಗ ಸಮತಟ್ಟಾಗಿರಲಿ. ಹೆಣೆದ ಬತ್ತಿಯೇ ಆದರೂ, ಹಚ್ಚುವ ಮುನ್ನ ಪ್ರತಿ ಸಲವೂ ತಣ್ಣಗಿರುವ ಬತ್ತಿಯನ್ನು ಸುಮಾರು ಆರು ಮಿಲಿಮೀಟರ್ ಉಳಿಸಿ ಕತ್ತರಿಸಿ. ಕತ್ತರಿಸಿದ ಕರಿ ಚೂರು ಮೇಣದೊಳಗೆ ಬೀಳದಿರಲಿ.

ಗುಂಡಿ ಬಿದ್ದ ಮೇಣದಬತ್ತಿಯನ್ನು ಎಸೆಯಬೇಕಿಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಅದರ ತಲೆಯ ಸುತ್ತ ಸುತ್ತಿ, ನಡುವೆ ಕುಡಿಗೆ ಗಾಳಿಯಾಡುವಷ್ಟು ಅಗಲದ ಬಾಯಿ ಬಿಟ್ಟು ಹಚ್ಚಿದರೆ, ಮೇಲೆ ಹಾರಿಹೋಗುವ ಬಿಸಿ ಅಂಚಿಗೆ ಮರಳಿ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಅಂಚು ಕರಗಿ ಮಟ್ಟ ಸಮನಾಗುತ್ತದೆ. ಹಾಳೆ ಬಹಳ ಬಿಸಿಯಾಗುತ್ತದೆ, ಹಾಗಾಗಿ ಇದನ್ನೂ ದೊಡ್ಡವರೇ ಮಾಡಲಿ.

ಒಂದು ಮಾತು ಎಂದೂ ಮರೆಯಬೇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಮೇಣಕ್ಕಿಂತ ಭಾರ. ಅದು ಕೆಳಗಿಳಿದು, ಥಟ್ಟನೆ ಹಬೆಯಾಗಿ ಸಿಡಿದು, ಉರಿಯುವ ಮೇಣವನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ ಪಾತ್ರೆಗೆ ಮುಚ್ಚಳ ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ಆರುತ್ತದೆ. ಉರಿಯುವ ಮೇಣದಬತ್ತಿಯನ್ನು ಬಿಟ್ಟು ಕೋಣೆಯಿಂದ ಹೊರಗೆ ಹೋಗಬೇಡಿ.

ಈಗ ನಿಮಗೊಂದು ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾವ ಮೇಣ, ಎಷ್ಟು ಅಡ್ಡಳತೆ, ಯಾವ ಬತ್ತಿ, ಎಷ್ಟು ಹೊತ್ತು ಉರಿಯಿತು, ಅಂಚು ಎಷ್ಟು ದಪ್ಪ ಉಳಿಯಿತು ಎಂದು ಬರೆಯಿರಿ. ಅಡುಗೆಮನೆಯ ತಕ್ಕಡಿ ಇದ್ದರೆ ಹಚ್ಚುವ ಮೊದಲು ಮತ್ತು ಆರಿ ತಣಿದ ಮೇಲೆ ತೂಗಿ ನೋಡಿ; ಗಂಟೆಗೆ ಎಷ್ಟು ಗ್ರಾಂ ಮೇಣ ಉರಿಯಿತು ಎಂಬುದು ಸಿಗುತ್ತದೆ. ಸರಿ ಬರದಿದ್ದರೆ ಮುಂದಿನ ಸಲ ಒಂದನ್ನು ಮಾತ್ರ ಬದಲಿಸಿ. ಬತ್ತಿ ಬದಲಿಸಿದರೆ ಮೇಣ ಹಾಗೇ ಇರಲಿ, ಮೇಣ ಬದಲಿಸಿದರೆ ಬತ್ತಿ ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಕಂಡದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ದೊಡ್ಡ ಪ್ರಯೋಗಶಾಲೆಗಳ ವಿಜ್ಞಾನಿಗಳು ಪಾಲಿಸುವ ನಿಯಮವೂ ಇದೇ. ಮನೆಯವರನ್ನು ಜೊತೆಗೆ ಕೂರಿಸಿಕೊಂಡು ನೀವೂ ಪಾಲಿಸಿ ನೋಡಿ.